ಕಲ್ಲು ಹಾರ್ತಾವ್ರಿ ಸಾರ್

ಬೆಂಗಳೂರಿನ ಯಾವ ಬಡಾವಣೆಯ ಪಾರ್ಕಿಗೆ ಹೋದರೂ ಗೇಟಿನ ಪಕ್ಕದಲ್ಲಿ ಒಂದು ಫಲಕ ನಿಂತಿರುತ್ತದೆ. ಹುಲ್ಲಿನ ಮೇಲೆ ನಡೆಯಬೇಡಿ, ಹೂ ಕೀಳಬೇಡಿ, ನಾಯಿ ತರಬೇಡಿ, ಚೆಂಡಾಟ ಆಡಬೇಡಿ, ಬೆಂಚಿನ ಮೇಲೆ ಮಲಗಬೇಡಿ, ಜೋರಾಗಿ ಹಾಡು ಹಾಕಬೇಡಿ. ಎಲ್ಲವನ್ನೂ ಶ್ರದ್ಧೆಯಿಂದ ಓದಿದವನಿಗೆ, ಹಾಗಾದರೆ ಒಳಗೆ ಹೋಗಿ ಮಾಡುವುದಾದರೂ ಏನು ಎಂಬ ಅನುಮಾನ ಬಂದು ಅಲ್ಲಿಂದಲೇ ಮನೆಗೆ ತಿರುಗಿದರೂ ತಿರುಗಿಯಾನು. ಈ ಅಪ್ಪಣೆಗಳೆಲ್ಲ ಹೊರಗಿನಿಂದ ಬರುವವರಿಗೆ. ಪಾರ್ಕನ್ನು ನೋಡಿಕೊಳ್ಳಲೆಂದು ಒಳಗೇ ಇರುವವರಿಗೆ ಒಂದು ಸಾಲೂ ಇಲ್ಲ. ಒಂದಾದರೂ ಇದ್ದಿದ್ದರೆ ಚೆನ್ನಾಗಿತ್ತು ಎಂದು ನಮಗೆ ಅನ್ನಿಸತೊಡಗಿದ್ದು ಹುಲ್ಲು ಹೊಡೆಯುವ ಮಿಷನ್ ಬಂದ ಮೇಲೆ.

ನಮ್ಮ ಪಾರ್ಕಿಗೆ ದೊಡ್ಡ ವಂಶಾವಳಿಯೇನೂ ಇಲ್ಲ. ಲಾಲ್‌ಬಾಗಿಗಾದರೆ 1760ರ ಹೈದರಾಲಿ ಇದ್ದಾನೆ. ಕಬ್ಬನ್ ಪಾರ್ಕಿಗೆ 1870ರ ಸ್ಯಾಂಕಿ ಇದ್ದಾನೆ. ಊರಿಗೇ ಹೂಮರಗಳ ರುಚಿ ಹತ್ತಿಸಿದ ಜರ್ಮನಿಯ ಕ್ರುಂಬಿಗಲ್ 1908ರಲ್ಲಿ ಬಂದು ಇಲ್ಲೇ ಮಣ್ಣಾದವನು. ನಮ್ಮದು ಸೈಟು ಹಂಚಿ ಮಿಕ್ಕ ಜಾಗ. ಒಂದು ಬದಿಗೆ ರಾಜಕಾಲುವೆ, ಇನ್ನೊಂದು ಬದಿಗೆ ಟ್ರಾನ್ಸ್‌ಫಾರ್ಮರ್. ನಡುವೆ ಉದ್ದಕ್ಕೆ ಒಂದು ಪಟ್ಟಿ, ಅದರ ಸುತ್ತ ಇಂಟರ್‌ಲಾಕ್ ಇಟ್ಟಿಗೆಯ ನಡೆದಾರಿ. ಉದ್ದಕ್ಕೆ ಬರವಿಲ್ಲ, ಅಗಲ ಮಾತ್ರ ಮೂವತ್ತು ಮೀಟರೂ ಇಲ್ಲ. ಈ ಅಗಲದ ಸಂಗತಿ ಮುಂದೆ ಬರುತ್ತದೆ, ಓದುಗರು ನೆನಪಿಟ್ಟುಕೊಂಡಿರಬೇಕು.

ಇಷ್ಟೇ ಜಾಗದಲ್ಲಿ ಬೆಳಗಿನ ಆರರಿಂದ ಎಂಟರವರೆಗೆ ಒಂದು ಸಣ್ಣ ಸಂಸ್ಥಾನವೇ ನಡೆಯುತ್ತದೆ. ಪೂರ್ವದ ಮೂಲೆಯಲ್ಲಿ ಪ್ರಾಣಾಯಾಮದವರು. ಹೊಂಗೆಮರದ ಕೆಳಗೆ ರಾಜಕೀಯದ ಬೆಂಚು. ಅಲ್ಲಿ ದಿನಕ್ಕೊಂದು ಸರಕಾರ ಬೀಳುತ್ತದೆ. ಗೇಟಿನ ಹೊರಗೆ ಬೂದುಗುಂಬಳ, ಬಾಳೆದಿಂಡು, ಹಾಗಲಕಾಯಿಗಳ ರಸ ಮಾರುವಾತ. ವಾಕಿಂಗಿನಿಂದ ಇಳಿಯದ ಸಕ್ಕರೆಯನ್ನು ಹಾಗಲಕಾಯಿಯಿಂದ ಹೆದರಿಸುವ ಕೆಲಸ ಅವನದು. ನಟ್ಟನಡುವೆ ನಗೆಕೂಟ. ಈ ನಗೆಕೂಟದ ಹುಟ್ಟೂರು ಮುಂಬೈ. 1995ರಲ್ಲಿ ಡಾ. ಮದನ್ ಕಟಾರಿಯಾ ಅಲ್ಲಿನ ಒಂದು ಪಾರ್ಕಿನಲ್ಲಿ ಬೆರಳೆಣಿಕೆಯ ಮಂದಿಯನ್ನು ಸೇರಿಸಿಕೊಂಡು ಶುರುಮಾಡಿದ್ದು. ಮೊದಮೊದಲು ಜೋಕು ಹೇಳಿ ನಗುತ್ತಿದ್ದರಂತೆ. ಒಳ್ಳೆಯ ಜೋಕುಗಳು ಎರಡು ವಾರಕ್ಕೇ ಮುಗಿದವು. ಆಮೇಲೆ ಹುಟ್ಟಿದ್ದು ಜೋಕಿಲ್ಲದೆ ನಗುವ ವಿದ್ಯೆ. ನಮ್ಮವರು ಅದರಲ್ಲಿ ಪಳಗಿದವರು. ಪೆನ್ಷನ್ ತಡವಾದ ತಿಂಗಳಿನಲ್ಲೂ ನಗಬಲ್ಲರು.

ಈ ಸಂಸ್ಥಾನಕ್ಕೆ ಸರಿಯಾಗಿ ಆರೂವರೆಗೆ ಮಾಲಿಯ ಪ್ರವೇಶ. ಮೊದಲಿದ್ದ ಮಾಲಿ ಮುದುಕ. ಕುಕ್ಕರಗಾಲಿನಲ್ಲಿ ಕೂತು ಕುಡುಗೋಲಿನಿಂದ ಹುಲ್ಲು ಕೊಯ್ಯುತ್ತ ತಿಂಗಳಿಗೊಮ್ಮೆ ಪಾರ್ಕಿನ ಆ ತುದಿ ತಲುಪುತ್ತಿದ್ದ. ಅಷ್ಟರಲ್ಲಿ ಈ ತುದಿಯಲ್ಲಿ ಮತ್ತೆ ಬೆಳೆದಿರುತ್ತಿತ್ತು. ಅವನು ಹೋದ ಮೇಲೆ ಬಂದವನು ಕೊಪ್ಪಳದ ಕಡೆಯ ಹುಡುಗ, ಗುತ್ತಿಗೆದಾರರ ಕೈಕೆಳಗಿನವನು. ಹೆಗಲಿಗೆ ಪಟ್ಟಿ, ಉದ್ದನೆಯ ಕೊಳವೆ, ಹಿಂದೆ ಪೆಟ್ರೋಲಿನ ಎಂಜಿನ್ನು, ಮುಂದೆ ಗರಗರ ತಿರುಗುವ ನೈಲಾನ್ ದಾರ. ಕಾಲಲ್ಲಿ ಹವಾಯಿ ಚಪ್ಪಲಿ, ಮುಖಕ್ಕೆ ಸುತ್ತಿದ ಟವೆಲ್ಲು. ಹಗ್ಗ ಹಿಡಿದು ಎರಡು ಸಲ ಎಳೆದರೆ ಎಂಜಿನ್ನು ಕೆಮ್ಮುತ್ತದೆ. ಮೂರನೆಯ ಸಲಕ್ಕೆ ಪಾರ್ಕಿನ ಗಿಳಿಗಳೆಲ್ಲ ಪಕ್ಕದ ಬಡಾವಣೆಗೆ.

ಮಿಷನ್ ನನಗೆ ಹೊಸದಲ್ಲ. ನಮ್ಮ ಮಲೆನಾಡಿನಲ್ಲಿ ಈಗ ಇದಿಲ್ಲದೆ ಅಡಿಕೆ ತೋಟವೇ ಇಲ್ಲ. ಆದರೆ ಅಲ್ಲಿ ಹುಲ್ಲು ಹೊಡೆಯುವವರು ಬಂದರೆಂದರೆ ಮನೆಯಲ್ಲಿ ಒಂದು ಗಡಿಬಿಡಿ ಏಳುತ್ತದೆ. ನಾಯಿಯನ್ನು ಕಟ್ಟುತ್ತಾರೆ, ಮಕ್ಕಳನ್ನು ಒಳಗೆ ಕರೆಯುತ್ತಾರೆ, ಅಂಗಳದ ಕಾರನ್ನು ಆಚೆ ನಿಲ್ಲಿಸುತ್ತಾರೆ. ಹೊಡೆಯುವವನು ಮೊಣಕಾಲಿನವರೆಗೆ ಗಮ್‌ಬೂಟು ಏರಿಸಿ, ಕಣ್ಣಿಗೆ ಜಾಲರಿಯ ಮುಖವಾಡ ಹಾಕಿ, ಆಮೇಲೆ ತೋಟಕ್ಕೆ ಇಳಿಯುತ್ತಾನೆ. ಯಾರೂ ಅವನಿಗೆ ಕಾಯಿದೆ ಓದಿಸಿದ್ದಲ್ಲ. ಒಂದು ಸಲ ಕಲ್ಲು ಕಣಕಾಲಿಗೆ ಬಡಿದರೆ ಸಾಕು, ಎಲ್ಲ ಪಾಠವೂ ಅದರಲ್ಲೇ ಆಗುತ್ತದೆ. ಅದೇ ಮಿಷನ್ ಬೆಂಗಳೂರಿಗೂ ಬಂತು. ಬೂಟು, ಮುಖವಾಡ, ಗಡಿಬಿಡಿಗಳು ಮಾತ್ರ ಬರಲಿಲ್ಲ.

ಅಂದಹಾಗೆ ಈ ದಾರ ತಿರುಗಿಸುವ ಉಪಾಯ ಹೊಳೆದದ್ದು ಒಬ್ಬ ನೃತ್ಯಶಾಲೆಯ ಒಡೆಯನಿಗೆ. ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಲ್ಲಾಸ್ ಎಂಬಾತ 1971ರಲ್ಲಿ ಕಾರು ತೊಳೆಸಲು ಹೋಗಿದ್ದ. ಅಲ್ಲಿ ತಿರುಗುತ್ತಿದ್ದ ನೈಲಾನ್ ಕುಂಚಗಳು ಕಾರಿನ ಬಣ್ಣಕ್ಕೆ ಏನೂ ಮಾಡದೆ ಕೊಳೆಯನ್ನಷ್ಟೇ ಕೀಳುವುದನ್ನು ನೋಡಿ, ಮರದ ಬುಡದ ಹುಲ್ಲನ್ನೂ ಹೀಗೇ ತೆಗೆಯಬಹುದಲ್ಲ ಎಂದುಕೊಂಡ. ಮನೆಗೆ ಬಂದು ಪಾಪ್‌ಕಾರ್ನಿನ ಖಾಲಿ ಡಬ್ಬಿಗೆ ತೂತು ಕೊರೆದು, ಮೀನಿನ ಗಾಳದ ದಾರ ಪೋಣಿಸಿ, ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿದ. ಹುಲ್ಲು ಹೋಯಿತು, ಮರ ಉಳಿಯಿತು. ನಮ್ಮ ಮಾಲಿ ಸೊಂಟ ತಿರುಗಿಸುತ್ತ ಬಲಕ್ಕೂ ಎಡಕ್ಕೂ ಬಾಗಿ ಹುಲ್ಲು ಹೊಡೆಯುವುದನ್ನು ನೋಡಿದಾಗ, ನೃತ್ಯದ ಅಂಶ ಎಲ್ಲಿಂದ ಬಂತೆಂದು ನನಗೆ ತಿಳಿಯಿತು.

ನೃತ್ಯವನ್ನು ನೋಡುವವರು ಎಷ್ಟು ದೂರದಲ್ಲಿ ಕೂರಬೇಕು ಎಂಬುದೇ ಪ್ರಶ್ನೆ. ಅದು ಎದ್ದದ್ದು ರಸದ ಅಂಗಡಿಯಲ್ಲಿ. ಒಂದು ಬೆಳಿಗ್ಗೆ ಬೇಲಿಯ ಪಕ್ಕದಲ್ಲಿ ಹುಲ್ಲು ಹೊಡೆಯುತ್ತಿದ್ದಾಗ ಎಲ್ಲಿಂದಲೋ ಒಂದು ಜಲ್ಲಿಚೂರು ಹಾರಿ ಬಂದು ಬೂದುಗುಂಬಳ ರಸದ ಸ್ಟೀಲಿನ ಡ್ರಮ್ಮಿಗೆ ಠಣ್ ಎಂದು ಬಡಿಯಿತು. ಲೋಟ ಹಿಡಿದು ನಿಂತಿದ್ದ ನಿವೃತ್ತ ಎಂಜಿನಿಯರರು ಡ್ರಮ್ಮಿನ ತಗ್ಗನ್ನು ಬೆರಳಲ್ಲಿ ಸವರಿ, ಜೇಬಿನಿಂದ ಪೆನ್ನು ತೆಗೆದರು. ಮದುವೆಯ ಕರೆಯೋಲೆಯ ಹಿಂಬದಿಯಲ್ಲಿ ಲೆಕ್ಕ ನಡೆಯಿತು. "ನೋಡಿ, ನಿಮಿಷಕ್ಕೆ ಏಳು ಸಾವಿರ ಸುತ್ತು ಅಂತ ಹಿಡೀರಿ. ದಾರ ತಿರುಗೋ ಚಕ್ರದ ಅಡ್ಡಗಲ ನಲವತ್ತು ಸೆಂಟಿಮೀಟರ್. ದಾರದ ತುದಿ ಗಂಟೆಗೆ ಐನೂರು ಕಿಲೋಮೀಟರ್ ಮೀರಿ ಓಡ್ತಾ ಇದೆ ಕಣ್ರೀ! ವಂದೇ ಭಾರತ್ ರೈಲು ನೂರರವತ್ತಕ್ಕೇ ಉಸ್ಸಪ್ಪಾ ಅನ್ನತ್ತೆ." ಐನೂರು ಕಿಲೋಮೀಟರಿನ ಪಕ್ಕದಲ್ಲಿ ನಿಂತು ಹಾಗಲಕಾಯಿ ರಸ ಕುಡಿದು ಆಯುಸ್ಸು ಹೆಚ್ಚಿಸಿಕೊಳ್ಳುತ್ತಿದ್ದೇವೆಂದು ನಮಗೆಲ್ಲ ಆಗ ಗೊತ್ತಾಯಿತು.

ಎಂಜಿನಿಯರರು ಅಷ್ಟಕ್ಕೇ ಬಿಡುವವರಲ್ಲ. ಇಂಥ ಮಿಷನ್ನುಗಳ ಜೊತೆ ಬರುವ ಪುಸ್ತಿಕೆಯೊಂದನ್ನು ಫೋನಿನಲ್ಲಿ ಹುಡುಕಿ ಓದಿದರು. ಕೆಲಸ ನಡೆಯುವಾಗ ಸುತ್ತ 15 ಮೀಟರಿನೊಳಗೆ ಬೇರೆ ಯಾರೂ ಇರಕೂಡದು ಎಂದು ತಯಾರಕರೇ ಬರೆದಿದ್ದಾರೆ. 15 ಮೀಟರ್ ಎಂದರೆ ಐವತ್ತು ಅಡಿ. ಬೆಂಗಳೂರಿನವರಿಗೆ ಅರ್ಥವಾಗುವ ಲೆಕ್ಕದಲ್ಲಿ, ಮೂವತ್ತು-ನಲವತ್ತರ ಸೈಟಿನ ಉದ್ದ ದಾಟಿ ಪಕ್ಕದವರ ಸಂಪಿನ ಮೇಲೆ ನಿಂತಂತಾಯಿತು. ಆತ ನಡುವೆ ನಿಂತರೆ ಈ ಕಡೆಗೆ ಹದಿನೈದು, ಆ ಕಡೆಗೆ ಹದಿನೈದು. ಈಗ ಪಾರ್ಕಿನ ಅಗಲ ನೆನಪಿಸಿಕೊಳ್ಳಿ. ಪುಸ್ತಿಕೆಯ ಪ್ರಕಾರ ನಡೆದರೆ, ಮಿಷನ್ ಮಗ್ಗುಲಿಗೆ ಬಂದಾಗಲೆಲ್ಲ ಒಂದು ಬದಿಯ ವಾಕಿಂಗಿನವರು ರಾಜಕಾಲುವೆಯಲ್ಲೂ ಇನ್ನೊಂದು ಬದಿಯವರು ಟ್ರಾನ್ಸ್‌ಫಾರ್ಮರಿನ ಮೇಲೂ ಇರಬೇಕಾಗುತ್ತದೆ.

ನಗೆಕೂಟದವರ ಪಾಡು ಇನ್ನೂ ಬೇರೆ. ವಸತಿ ಪ್ರದೇಶದಲ್ಲಿ ಹಗಲು ಹೊತ್ತಿನ ಸದ್ದು 55 ಡೆಸಿಬೆಲ್ ಮೀರಬಾರದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಮಿಷನ್ನಿನ ಹತ್ತಿರ ಕಿವಿಯಿಟ್ಟರೆ ನೂರರ ಆಸುಪಾಸು. ಹತ್ತು ಹನ್ನೆರಡು ಹಿರಿಯರು ವೃತ್ತಾಕಾರವಾಗಿ ನಿಂತು, ಕೈ ಮೇಲೆತ್ತಿ, ಬಾಯಿ ಪೂರ್ತಿ ತೆರೆದು ಹೋ ಹೋ ಹಾ ಹಾ ಎನ್ನುತ್ತಿದ್ದಾರೆ. ಒಂದಕ್ಷರವೂ ಹೊರಗೆ ಕೇಳಿಸುತ್ತಿಲ್ಲ. ನಡುವೆ ಮಾಲಿ ತಲೆಯೆತ್ತಿ ನೋಡಿದ. ಗಣ್ಯರೆಲ್ಲ ಕೈಯೆತ್ತಿ ತನ್ನ ಕಡೆಗೇ ಬಾಯಿ ಬಿಟ್ಟು ನಿಂತಿರುವುದನ್ನು ಕಂಡು, ಬೈಯುತ್ತಿದ್ದಾರೆಂದು ಬಗೆದು, ಮುಖ ತಿರುಗಿಸಿ ಆಕ್ಸಿಲರೇಟರನ್ನು ಇನ್ನೂ ಒತ್ತಿದ. ಅವತ್ತು ಮಾತ್ರ ನಗೆಕೂಟದಲ್ಲಿ ಒಬ್ಬಿಬ್ಬರಿಗೆ ನಿಜವಾಗಿಯೇ ನಗು ಬಂದಿತ್ತೆಂದು ಆಮೇಲೆ ಕೇಳಿದೆ.

ಮಿಷನ್ ಇಲ್ಲದ ದಿನಗಳಲ್ಲಿ ಬೇರೆ ಕಾರ್ಯಕ್ರಮಗಳಿರುತ್ತವೆ. ನೀರಿನ ಪೈಪು ನಡೆದಾರಿಗೆ ಅಡ್ಡಡ್ಡ ಮಲಗಿರುತ್ತದೆ. ಪಾಚಿ ಕಟ್ಟಿದ ಇಟ್ಟಿಗೆಗೆ ಗಿಡಕ್ಕಿಂತ ಹೆಚ್ಚು ನೀರು. ಕುಂಟೆ ಹಲ್ಲು ಮೇಲೆ ಮಾಡಿಕೊಂಡು ಯಾರ ಪಾದಕ್ಕೋ ಕಾದಿರುತ್ತದೆ. ಹೂವಿನ ವಿಷಯದಲ್ಲಿ ಮಾತ್ರ ಮಾಲಿ ಎಲ್ಲ ದಿನವೂ ಬಹಳ ಕಟ್ಟುನಿಟ್ಟು. ಮಿಷನ್ ಹೆಗಲಲ್ಲಿದ್ದ ಒಂದು ದಿನ, ದೇವರಿಗೆಂದು ಎರಡು ದಾಸವಾಳಕ್ಕೆ ಕೈ ಚಾಚಿದ ಅಜ್ಜಿಯನ್ನು, "ಯವ್ವಾ, ಹೂವಿಗೆ ಕೈ ಹಚ್ಚಬ್ಯಾಡ್ರಿ" ಎಂದು ಗದರಿಸಿದ ಗಳಿಗೆಯಲ್ಲೇ, ಹಿಂದೆ ತಿರುಗಿದ ರಭಸಕ್ಕೆ ಒಂದು ಸಾಲು ಚೆಂಡುಹೂವನ್ನು ಮಿಷನ್ನಿನಿಂದ ಬುಡಸಮೇತ ಮುಗಿಸಿದ. ಅಜ್ಜಿ ಉದುರಿದ ಹೂಗಳನ್ನೆಲ್ಲ ಸೆರಗಿನಲ್ಲಿ ತುಂಬಿಕೊಂಡು ಹೋದರು.

ಚಳಿಗಾಲ ಕಳೆದು ಎಲೆ ಉದುರುವ ಕಾಲ ಬಂದರೆ ಹೊಗೆ. ಗುಡಿಸಿದ ತರಗೆಲೆಯನ್ನು ಹಾಕಲು ಪಾರ್ಕಿನಲ್ಲಿ ಎಲೆಗೊಬ್ಬರದ ತೊಟ್ಟಿಯೇನೋ ಇದೆ. ಅದರ ಉದ್ಘಾಟನೆಗೆ ಶಾಸಕರೂ ಬಂದಿದ್ದರು. ಈಗ ಅದರ ತುಂಬ ಹಾಲಿನ ಕವರು. ಆದ್ದರಿಂದ ಎಲೆಗೆ ಬೆಂಕಿ. ಹಾಗೆ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಹೊಗೆಗೆ ಅದು ಗೊತ್ತಿಲ್ಲ. ನೇರ ಪ್ರಾಣಾಯಾಮದ ಮೂಲೆಗೇ ಹೋಗುತ್ತದೆ. ಪೂರಕದಲ್ಲಿದ್ದವರು ಪೂರ್ತಿ ಎಳೆದುಕೊಂಡರು. ರೇಚಕದಲ್ಲಿದ್ದವರು ಹೇಗೋ ಬಚಾವಾದರು. ಕುಂಭಕದಲ್ಲಿದ್ದವರದು ಮಾತ್ರ ಧರ್ಮಸಂಕಟ. ಗುರುಗಳು ಕಣ್ಣು ಮುಚ್ಚಿಯೇ "ಮನಸ್ಸನ್ನು ಹೊರಗಿನ ಸಂಗತಿಗಳಿಂದ ಒಳಗೆಳೆದುಕೊಳ್ಳಿ" ಎಂದರು. ಒಳಗೆ ಮನಸ್ಸಿಗಿಂತ ಮೊದಲು ಹೊಗೆ ತಲುಪಿತ್ತು.

ಇಷ್ಟರವರೆಗಿನದೆಲ್ಲ ನಕ್ಕು ಮರೆಯುವಂಥದು. ಬ್ಯಾಂಕಿನವರ ಕನ್ನಡಕದ ಸಂಗತಿ ಹಾಗಲ್ಲ. ನಮ್ಮ ನಿವೃತ್ತ ಬ್ಯಾಂಕಿನವರು ಎರಡು ಸುತ್ತು ಹಾಕಿ, ಕಲ್ಲುಬೆಂಚಿನ ಮೇಲೆ ಕೂತು, ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದ ಮುದ್ರಕರ ಹೆಸರಿನವರೆಗೆ ಓದುವವರು. ಮಿಷನ್ ಅವರ ಬೆಂಚಿನ ಕಾಲಿನವರೆಗೂ ಬಂತು. ಅವರು ಪೇಪರ್ ಮಡಚಿ ತಲೆಯೆತ್ತಿದ್ದೇ ತಡ, ಟಪ್ ಎಂದಿತು. ಬಲಗಣ್ಣಿನ ಗಾಜು ಅಡ್ಡಕ್ಕೆ ಸೀಳಿತ್ತು. ಒಳಗಿನ ಕಣ್ಣಿಗೆ ಏನೂ ಆಗಿರಲಿಲ್ಲ. ಚಾಳೀಸು ಬಂದದ್ದಕ್ಕೆ ಇಷ್ಟು ವರ್ಷ ಬೇಸರಪಟ್ಟಿದ್ದ ಮನುಷ್ಯ, ಅದು ಬಂದಿದ್ದರಿಂದಲೇ ಕಣ್ಣು ಉಳಿಸಿಕೊಂಡರು.

ನಾವು ನಾಲ್ಕಾರು ಮಂದಿ ಓಡಿ ಹೋಗಿ ಕೈಬೀಸಿ, ಕೂಗಿ, ಕೊನೆಗೆ ಎಂಜಿನಿಯರರು ಊರುಗೋಲನ್ನು ಮಾಲಿಯ ಮುಂದೆ ಚಾಚಿದ ಮೇಲೆ ಎಂಜಿನ್ನು ನಿಂತಿತು. ಆತ ಟವೆಲ್ಲು ಸರಿಸಿ ಒಡೆದ ಕನ್ನಡಕವನ್ನು ನೋಡಿದ. ಬೆಂಚನ್ನು ನೋಡಿದ. ಬ್ಯಾಂಕಿನವರನ್ನು ನೋಡಿದ.

"ಕಲ್ಲು ಹಾರ್ತಾವ್ರಿ ಸಾರ್," ಎಂದ. "ನೀವ ಸರದು ಕುಂದರಬೇಕಿತ್ತು."

ಇಷ್ಟು ಹೇಳಿ ಮತ್ತೆ ಹಗ್ಗಕ್ಕೆ ಕೈ ಹಾಕಿದ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಉಡಾಫೆಯೂ ಇರಲಿಲ್ಲ. ಮಳೆ ಬರುತ್ತದೆ, ಕೊಡೆ ತರಬೇಕಿತ್ತು ಎನ್ನುವ ದನಿ. ಕಲ್ಲು ಹಾರುವುದರಲ್ಲಿ ತನ್ನ ಕೈವಾಡವೇನೂ ಇಲ್ಲ, ಕಲ್ಲಿನ ಜಾತಿಯೇ ಹಾರುವುದು ಎಂಬ ಹಾಗೆ. ಬ್ಯಾಂಕಿನವರು ಒಂದು ಕಣ್ಣು ಮುಚ್ಚಿಕೊಂಡು ಮನೆಗೆ ನಡೆದರು.

ಪಾಪ, ಅವನಿಗೇನು ಗೊತ್ತು, ತರಬೇತಿ ಕೊಟ್ಟವರಾರು ಎಂದು ರಾಜಕೀಯದ ಬೆಂಚಿನಲ್ಲಿ ಒಬ್ಬರು ವಾದ ಹೂಡಿದರು. ಅವರು ಯಾವಾಗಲೂ ಬಡವರ ಪರ. ಮನೆಯ ಕೆಲಸದವಳಿಗೆ ಮಾತ್ರ ಐದು ವರ್ಷದಿಂದ ಸಂಬಳ ಏರಿಸಿಲ್ಲ. ಗೊತ್ತಿಲ್ಲ ಎಂಬುದನ್ನು ನಾನೂ ನಂಬಿಬಿಡುತ್ತಿದ್ದೆ. ಆದರೆ ಮಾರನೆಯ ಬೆಳಿಗ್ಗೆ ಬೇಗ ಹೋಗಿ, ಆತ ಕೆಲಸಕ್ಕೆ ಅಣಿಯಾಗುವುದನ್ನು ಮೊದಲಿನಿಂದ ನೋಡಿದೆ. ಮೊದಲು ತನ್ನ ಬೈಕನ್ನು ಪಾರ್ಕಿನ ಗೋಡೆಯಿಂದ ತಳ್ಳಿಕೊಂಡು ಹೋಗಿ ಮೂರು ಮನೆಯಾಚೆ ನಿಲ್ಲಿಸಿದ. ಬುತ್ತಿಯ ಡಬ್ಬಿಯನ್ನು ಪಂಪಿನ ಕೋಣೆಯೊಳಗಿಟ್ಟು ಬಾಗಿಲು ಮುಚ್ಚಿದ. ಫೋನನ್ನು ಟವೆಲ್ಲಿನ ತುಂಡಿನಲ್ಲಿ ಸುತ್ತಿ ಒಳಜೇಬಿಗೆ ಸೇರಿಸಿದ. ಗುತ್ತಿಗೆದಾರರ ಕಾರು ಬಂದು ನಿಂತ ದಿನ ಆ ಬದಿಯ ಹುಲ್ಲಿನ ತಂಟೆಗೇ ಹೋಗಲಿಲ್ಲ. ಹದಿನೈದು ಮೀಟರಿನ ನಿಯಮ ಅವನಿಗೆ ಬಾಯಿಪಾಠವಾಗಿತ್ತು. ಅದರಲ್ಲಿ ಬೈಕು ಇತ್ತು, ಬುತ್ತಿ ಇತ್ತು, ಯಜಮಾನರ ಕಾರೂ ಇತ್ತು. ನಾವಿರಲಿಲ್ಲ.

ಯಾಕಿರಲಿಲ್ಲ ಎಂದು ಕೇಳಬೇಕೆನ್ನಿಸಿತು. ಪಾರ್ಕಿನ ಎದುರಿನ ಚಹಾದ ಅಂಗಡಿಯಲ್ಲಿ ಸಿಕ್ಕ. ಮಿಷನ್ ಪಕ್ಕದಲ್ಲಿಲ್ಲದಾಗ ಮಾತಿನವನೇ. ಅವನ ಮೊಣಕಾಲಿನ ಕೆಳಗೆ, ಎರಡೂ ಕಾಲಿನಲ್ಲಿ, ಹಳೆಯ ಹೊಸ ಗಾಯದ ಕಲೆಗಳು ಗೀಟು ಹಾಕಿದ ಹಾಗಿದ್ದವು. ಕನ್ನಡಕ, ಬೂಟು ಕೊಟ್ಟಿಲ್ಲವೇ ಎಂದೆ. "ಕೊಡ್ತೀನಿ ಅಂದಾರ್ರೀ" ಎಂದ. ಯಾವಾಗ ಅಂದರು ಎಂದು ನಾನು ಕೇಳಲಿಲ್ಲ.

"ಬೆಳಿಗ್ಗೆ ಜನ ಓಡಾಡೋ ಹೊತ್ತಲ್ಲೇ ಯಾಕಪ್ಪಾ ಹೊಡೀತೀಯ? ಹತ್ತು ಗಂಟೆ ಮೇಲೆ ಒಂದು ನರಪಿಳ್ಳೆ ಇರೋದಿಲ್ಲ."

ಆತ ನನ್ನನ್ನು ಏನೂ ತಿಳಿಯದ ಮಗುವನ್ನು ನೋಡುವ ಹಾಗೆ ನೋಡಿದ. "ಹತ್ತು ಗಂಟೆ ಮ್ಯಾಲೆ ಹೊಡದ್ರ ಯಾರು ನೋಡ್ತಾರ್ರೀ? ಮೊದಲ ಹಂಗ ಮಾಡ್ತಿದ್ನಿ ಸಾರ್. ನಿಮ್ಮ ಮಂದೀನ, ಮಾಲಿ ಬರಂಗೇ ಇಲ್ಲ ಅಂತ ಕಂಪ್ಲೇಂಟ್ ಬರದ್ರು. ಪಗಾರ ಹಿಡದ್ರು. ಈಗ ನೀವ ಎಲ್ಲಾರೂ ಇದ್ದಾಗ ಸೌಂಡ್ ಮಾಡಿ ಹೊಡೀತೀನಿ. ಕಂಪ್ಲೇಂಟ್ ಬಂದಿಲ್ಲ ನೋಡ್ರಿ."

ನಾನು ಚಹಾ ಮುಗಿಸಿದೆ. ಹೌದು, ಅಂಥದೊಂದು ದೂರು ಹೋಗಿತ್ತು. ವಾಕಿಂಗಿನವರ ವಾಟ್ಸಾಪ್ ಗುಂಪಿನಲ್ಲಿ ಅದಕ್ಕೆ ಬಿದ್ದ ಹೆಬ್ಬೆರಳುಗಳಿಗೆ ಲೆಕ್ಕವಿರಲಿಲ್ಲ. ಅದರ ಮೇಲೆ ಮಾಲಿ ದಿನಕ್ಕೊಂದು ಫೋಟೋ ತೆಗೆದು, ಜಾಗ, ಹೊತ್ತು ಎಲ್ಲ ಮೂಡಿದ್ದನ್ನು ಮೇಲಿನವರಿಗೆ ಕಳಿಸಬೇಕಂತೆ. ಹಿಂದೆ ನಾಲ್ಕು ಜನ ಓಡಾಡುತ್ತಿದ್ದರೆ ಫೋಟೋಗೆ ಕಳೆ. ಅಂದರೆ ಅವನ ಲೆಕ್ಕದಲ್ಲಿ ನಾವು ಇದ್ದೆವು: ಸಾಕ್ಷಿಗಳಾಗಿ. ಕಲ್ಲು ಬಡಿಯಬಹುದಾದವರು ಎಂಬ ಪಟ್ಟಿಯಲ್ಲಿ ಮಾತ್ರ ಇರಲಿಲ್ಲ.

ಹಾಗೆಂದು ಅವನನ್ನು ಪೂರ್ತಿ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಪಗಾರ ಹಿಡಿದವರು ತಪ್ಪು, ಬೂಟು ಕೊಡದವರು ತಪ್ಪು, ದೂರು ಬರೆದು ಬೀಗಿದ ನಾವೂ ಏನು ಕಡಿಮೆಯಲ್ಲ. ಆದರೆ ಬೈಕನ್ನು ಮೂರು ಮನೆಯಾಚೆ ತಳ್ಳುವಷ್ಟು ತಾಳ್ಮೆಯಿದ್ದವನಿಗೆ, ಬೆಂಚಿನಲ್ಲಿ ಕೂತ ಮುದುಕರ ಭುಜ ತಟ್ಟಿ "ಅಜ್ಜಾರ, ಆಚೆ ಹೋಗ್ರಿ" ಎನ್ನಲು ಎಷ್ಟು ಹೊತ್ತು ಬೇಕಿತ್ತು? ಅದಕ್ಕೆ ಗುತ್ತಿಗೆದಾರರ ಅಪ್ಪಣೆ ಬೇಕಿಲ್ಲ, ಫೋಟೋವೂ ಬೇಕಿಲ್ಲ. ಕೆಲಸ ಕಷ್ಟದ್ದು ಎಂಬುದಕ್ಕೂ ಎದುರಿಗಿರುವವರ ಕಣ್ಣಿಗೂ ಸಂಬಂಧವಿಲ್ಲ. ಇದನ್ನು ಚಹಾದ ಅಂಗಡಿಯಲ್ಲಿ ಅವನಿಗೇ ಹೇಳಿದೆ. "ಅದು ಖರೆ ಐತ್ರಿ" ಎಂದು ಗ್ಲಾಸು ಕೆಳಗಿಟ್ಟ. ಈಗ ಶುರು ಮಾಡುವ ಮೊದಲು ಒಂದು ಸೀಟಿ ಊದುತ್ತಾನೆ. ನಗೆಕೂಟದವರು ಅದನ್ನು ತಮ್ಮ ವ್ಯಾಯಾಮದ ಸೀಟಿಯೆಂದುಕೊಂಡು ಕೈ ಮೇಲೆತ್ತುತ್ತಾರೆ.

ಎಂಜಿನಿಯರರು ಮೂರು ಅನುಬಂಧಗಳ ಪತ್ರವೊಂದನ್ನು ಬರೆದರು, ನಾವೆಲ್ಲ ಸಹಿ ಹಾಕಿದೆವು. ಮದುವೆಯ ಕರೆಯೋಲೆಯ ಲೆಕ್ಕ ಎರಡನೆಯ ಅನುಬಂಧ. ಉತ್ತರವಾಗಿ ಒಂದು ತಗಡಿನ ಫಲಕ ಬಂತು: 'ಕೆಲಸ ನಡೆಯುತ್ತಿದೆ, ಸಹಕರಿಸಿ'. ಅದನ್ನು ಬ್ಯಾಂಕಿನವರ ಬೆಂಚಿಗೇ ಒರಗಿಸಿದ್ದಾರೆ. ಅವರು ಹೊಸ ಕನ್ನಡಕವನ್ನು ಸ್ವಂತ ಖರ್ಚಿನಲ್ಲಿ ಮಾಡಿಸಿಕೊಂಡು, ಈಗ ಪೇಪರನ್ನು ಮನೆಯಲ್ಲೇ ಓದಿ ಬರುತ್ತಾರೆ.

ಪಾರ್ಕುಗಳ ಗುತ್ತಿಗೆ ಹಿಡಿದ ಯಾರಾದರೂ ಇದನ್ನು ಓದುತ್ತಿದ್ದರೆ, ಬೇಡಿಕೆ ದೊಡ್ಡದೇನಲ್ಲ. ಮಾಲಿಗೆ ಒಂದು ಮುಖವಾಡ, ಒಂದು ಜೊತೆ ಬೂಟು, ಸುತ್ತ ಕಟ್ಟಲು ಒಂದಿಷ್ಟು ಹಗ್ಗ. ಹುಲ್ಲು ಹೊಡೆಯುವುದು ಹತ್ತು ಗಂಟೆಯ ಮೇಲೆ. ಹತ್ತು ಗಂಟೆಗೂ ಹುಲ್ಲು ಅಲ್ಲೇ ಇರುತ್ತದೆ. ಇನ್ನು ವಾಕಿಂಗಿಗೆ ಹೋಗುವ ಮಹನೀಯರಲ್ಲಿ ಒಂದು ವಿನಂತಿ: ಮಾಲಿ ಕಾಣಲಿಲ್ಲವೆಂದು ದೂರು ಬರೆಯುವ ಮೊದಲು ದಯವಿಟ್ಟು ಒಮ್ಮೆ ಬಗ್ಗಿ ಹುಲ್ಲನ್ನು ನೋಡಿ. ಗಿಡ್ಡವಾಗಿದ್ದರೆ ಆತ ಬಂದು ಹೋಗಿದ್ದಾನೆ.